ಛತ್ರಿಬಾಯಿಯ ಪಾಳಿ

ಸ್ಟೀಲಿನ ಡಬ್ಬಿ ಖಾಲಿ ಬಂದಿತ್ತು.

ಮಾದೇವಿ ಮುಚ್ಚಳ ತೆಗೆದು ನೋಡಿದಳು. ನಂಬಿಕೆಯಾಗದೆ ಬಾಗಿಲ ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದಳು. ಒಂದು ಚಿಟಿಕೆ ಸಕ್ಕರೆ ಇಲ್ಲ, ಬೆಲ್ಲದ ಚೂರಿಲ್ಲ, ಹೋಗಲಿ, ನಾಲ್ಕು ಕಾಳು ಜೋಳವೂ ಇಲ್ಲ. ತಿಕ್ಕಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಮುಖ ಕಾಣುವಷ್ಟು ಹೊಳಪು ಮಾಡಿ ಖಾಲಿ ಕಳಿಸಿದ್ದರು. ಆ ಹೊಳಪಿನಲ್ಲಿ ತನ್ನ ಮುಖವೇ ಕಂಡು ಅವಳ ಮೈಯೆಲ್ಲ ಉರಿದುಹೋಯಿತು.

ಶಿರೂರಿನ ಆ ಓಣಿಯಲ್ಲಿ ಯಾರೂ ಯಾರ ಪಾತ್ರೆಯನ್ನೂ ಖಾಲಿ ಮರಳಿಸುವುದಿಲ್ಲ. ಮಜ್ಜಿಗೆ ತಂದ ತಂಬಿಗೆಗೂ ಏನಾದರೊಂದು ಹಾಕಿಯೇ ಕೊಡುತ್ತಾರೆ. ಖಾಲಿ ಕೊಟ್ಟರೆ ಇನ್ನು ನಿಮ್ಮ ಸಹವಾಸ ಸಾಕು ಎಂದು ಬಾಯಿಬಿಟ್ಟು ಹೇಳಿದ ಹಾಗೆ. ಸಣ್ಣ ಹುಡುಗಿಯರಿಗೂ ಗೊತ್ತಿರುವ ಮಾತು ಪಕ್ಕದ ಮನೆಯ ಶಮಶಾದಬಿಗೆ ಗೊತ್ತಿಲ್ಲವೇ? ಮಾದೇವಿ ಸೊಸೆಯಾಗಿ ಈ ಓಣಿಗೆ ಬಂದಾಗ ಆ ರೀತಿ ನೀತಿಯನ್ನೆಲ್ಲ ಕಲಿಸಿಕೊಟ್ಟವಳೇ ಅವಳು. ಮರೆತು ಖಾಲಿ ಕಳಿಸಿದ್ದಲ್ಲ, ಬೇಕೆಂದೇ ಕಳಿಸಿದ್ದು.

ತಂದವನು ಶಮಶಾದಬಿಯ ಗಂಡ ಹುಸೇನಪೀರ. ಊರಿಂದ ಊರಿಗೆ ಟಂಟಂ ಓಡಿಸುವವನು, ಬೆಳಿಗ್ಗೆ ಹೊರಡುವ ಮುಂಚೆ ಇವರ ಕಟ್ಟೆಯ ಮೇಲೆ ಕೂತು ಚಹಾ ಕುಡಿಯದೆ ಗಾಡಿ ಹತ್ತಿದವನಲ್ಲ. ಇವತ್ತು ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, ಕಳ್ಳನ ಹಾಗೆ ತಲೆ ತಗ್ಗಿಸಿ, ಗಾಡಿ ಚಾಲೂ ಮಾಡಿಕೊಂಡು ಹೋಗಿಬಿಟ್ಟಿದ್ದ.

ಆ ಡಬ್ಬಿಯಲ್ಲಿ ಹೋಗಿದ್ದೇನು? ಅಂಟಿನುಂಡಿ. ಶಮಶಾದಬಿಯ ಮಗಳು ಅರ್ಜು ಹೆರಿಗೆಗೆ ತವರಿಗೆ ಬಂದವಳು ಗಂಡುಮಗು ಹೆತ್ತಿದ್ದಳು. ಮಾದೇವಿ ಒಣಕೊಬ್ಬರಿ ತುರಿದು, ಅಂಟು ತುಪ್ಪದಲ್ಲಿ ಅರಳಿಸಿ, ಉತ್ತತ್ತಿ ಗಸಗಸೆ ಹಾಕಿ, ಬೆಲ್ಲದ ಪಾಕದಲ್ಲಿ ಕೈ ಸುಟ್ಟುಕೊಂಡು ಉಂಡೆ ಕಟ್ಟಿ ತಾನೇ ಹೋಗಿ ಕೊಟ್ಟು ಬಂದಿದ್ದಳು. ಅಂಗೈಯ ಬೊಬ್ಬೆ ಇನ್ನೂ ಮಾಗಿರಲಿಲ್ಲ. ಅದಕ್ಕೆ ಸಿಕ್ಕ ಉತ್ತರ ಇದು.

ಸೊಸೆ ಸವಿತಾ, ಬಾಣಂತಿಯ ಗಡಿಬಿಡಿಯಲ್ಲಿ ಮರೆತಿರಬಹುದು ಎಂದು ಸಮಾಧಾನ ಹೇಳಲು ಬಂದಳು. ನೀನು ಬಾಯಿ ಮುಚ್ಚಿಕೊಂಡು ಒಲೆ ನೋಡು ಎಂದು ಬೈಸಿಕೊಂಡು ಹೋದಳು. ಗಂಡ ಕನಕಪ್ಪ ಕುರಿಗಳನ್ನು ಬಿಡುತ್ತಿದ್ದ. ಹೆಂಡತಿಯ ಸಿಟ್ಟು ಮೂಗಿನ ತುದಿಯಲ್ಲಿ ಇರುತ್ತದೆ ಎಂದು ಬಲ್ಲ ಮನುಷ್ಯ, ಕುರಿಗಳಿಗಿಂತ ಮುಂದೆ ತಾನೇ ಹೊರಗೆ ಬಿದ್ದ.

ಮಾದೇವಿ ಖಾಲಿ ಡಬ್ಬಿಯನ್ನು ನೆಲಕ್ಕೆ ಕುಕ್ಕಿ, ಪಡಸಾಲೆಯ ಶೋಕೇಸಿನ ಮುಂದೆ ಹೋಗಿ ಕುಳಿತಳು. ಸಿಟ್ಟು ಬಂದಾಗ ಅವಳು ಕೂರುವ ಜಾಗ ಅದು.

ಗೋಡೆಯುದ್ದದ ಆ ಗಾಜಿನ ಶೋಕೇಸಿನ ತುಂಬ ಗಲ್ಲಾಗಳು. ರೊಕ್ಕ ಕೂಡಿಡುವ ಮಣ್ಣಿನ ಮಾವಿನಹಣ್ಣು, ಮಣ್ಣಿನ ಕುಂಬಳಕಾಯಿ, ಬೆನ್ನಿನಲ್ಲಿ ಸೀಳಿರುವ ಪ್ಲಾಸ್ಟಿಕ್ ಹುಂಜ, ಉಗುರಿನಷ್ಟು ಬೀಗವಿರುವ ಕೆಂಪು ತಗಡಿನ ಪೋಸ್ಟ್ ಡಬ್ಬಿ, ಹಿಂದಿನ ಬಾಗಿಲಿನಿಂದ ಚಿಲ್ಲರೆ ನುಂಗುವ ತಗಡಿನ ಲಾರಿ. ಕೆಳಗಿನ ಸಾಲಿನಲ್ಲಿ ಹಳೆಯ ಬಿಸ್ಕಿಟ್ ಡಬ್ಬಿಗಳು, ಹಂಸದ ಚಿತ್ರದ್ದು, ಹಿಮದ ಗುಡ್ಡದ್ದು, ಮೀಸೆಯ ರಾಜನದ್ದು. ಅವುಗಳ ಪಕ್ಕ ಕುಳಗೇರಿ ಕ್ರಾಸಿನ ಚಹಾದಂಗಡಿಯವನು ಪ್ಲಾಸ್ಟಿಕ್ ತಂದ ಮೇಲೆ ಮೂಲೆಗೆ ಎಸೆದಿದ್ದ ಓರೆಬಾಯಿಯ ಗಾಜಿನ ಬರಣಿಗಳು. ಅರ್ಧಕ್ಕರ್ಧ ಹುಸೇನಪೀರನೇ ಹುಡುಕಿ ತಂದುಕೊಟ್ಟದ್ದು. ಇಳಕಲ್ಲಿನ ಮೋಡಕಾ ಅಂಗಡಿಯ ಗುಜರಿ ರಾಶಿಯಲ್ಲಿ, ಹುನಗುಂದದ ಯಾವುದೋ ಕೆಡವಿದ ಮನೆಯಲ್ಲಿ ಇಂಥದ್ದು ಕಣ್ಣಿಗೆ ಬಿದ್ದರೆ ಅವನು ಗಾಡಿ ನಿಲ್ಲಿಸುತ್ತಿದ್ದ.

ಈ ಗಲ್ಲಾಗಳಿಗೆ ಮಾದೇವಿ ಒಂದು ದಿನವೂ ಒಂದು ಬಿಲ್ಲೆಯನ್ನೂ ಹಾಕಿದವಳಲ್ಲ. ಓಣಿಯವರು ನಗುತ್ತಿದ್ದರು. ನಗಲಿ. ಅವಳು ಚಿಕ್ಕವಳಿದ್ದಾಗ ಮಣ್ಣಿನ ಗಿಳಿಯ ಗಲ್ಲಾ ಒಂದಿತ್ತು, ಹಸಿರು ಬಣ್ಣದ್ದು, ಕೊರಳಿಗೆ ಕೆಂಪು ಗೆರೆ. ನೀರಿಗೆ ಹೋಗಿ ಬರುವಷ್ಟರಲ್ಲಿ ಅಣ್ಣ ತಿಮ್ಮಣ್ಣ ಗುಂಡುಕಲ್ಲಿನಿಂದ ಜಜ್ಜಿ ಪುಡಿ ಮಾಡಿದ್ದ. ಒಡೆಯದೆ ಹೇಗೆ ತೆಗೆಯಬೇಕಿತ್ತು ಎಂದು ಅವನು ನಕ್ಕ, ಅಪ್ಪನೂ ನಕ್ಕ. ಒಳಗಿನ ಪೈಸೆಗಾಗಿ ಅವಳು ಅಳಲಿಲ್ಲ. ಗಿಳಿಯ ತಲೆ ಮಾತ್ರ ಇಡಿಯಾಗಿ ಉಳಿದು ಒಲೆಯ ಹತ್ತಿರ ಉರುಳಿಬಿದ್ದಿತ್ತು, ಅದನ್ನು ನೋಡಿ ಅತ್ತಳು. ಆವತ್ತಿನಿಂದ, ಇಡಿಯಾಗಿರುವುದು ಎಲ್ಲಿ ಕಂಡರೂ ತಂದು ಇಟ್ಟುಕೊಳ್ಳಬೇಕು, ಯಾರ ಕೈಗೂ ಕೊಡಬಾರದು ಎಂಬುದು ಅವಳ ಹಟ.

ಶೋಕೇಸಿನ ನಟ್ಟನಡುವೆ ಕೂತಿದ್ದು ಛತ್ರಿಬಾಯಿ ಡಬ್ಬಿ. ಮುಚ್ಚಳದ ಮೇಲೆ ಛತ್ರಿ ಹಿಡಿದ ದೊರೆಸಾನಿ, ಕಾಲ ಬಳಿ ಒಂದು ಬಿಳಿ ನಾಯಿ. ಒಂದು ಕಾಲಕ್ಕೆ ಬಿಸ್ಕಿಟ್ಟಿನ ಡಬ್ಬಿಯಾಗಿದ್ದದ್ದು, ಬಿಸ್ಕಿಟ್ ತಿಂದವರು ಯಾರೋ ಯಾರಿಗೂ ಗೊತ್ತಿಲ್ಲ. ಎರಡು ಮನೆಗಳ ನಡುವೆ ಅದು ಎಷ್ಟು ತಿರುಗಿತ್ತೆಂದರೆ ಹೆಬ್ಬೆರಳು ಮುಟ್ಟುವ ಕಡೆ ಬಣ್ಣ ಉದುರಿ ತಗಡು ಕಾಣುತ್ತಿತ್ತು. ದೀಪಾವಳಿಗೆ ಮಾದೇವಿಯ ಮನೆಯಿಂದ ಕರ್ಚಿಕಾಯಿ ಹೊತ್ತು ಹೋಗುವುದು, ರಮಜಾನಿಗೆ ಶಮಶಾದಬಿಯ ಮನೆಯಿಂದ ನಾನಖಟಾಯಿ ಹೊತ್ತು ಬರುವುದು. ಹೋದದ್ದು ಎಂದೂ ಖಾಲಿ ಬರಲಿಲ್ಲ, ಬಂದದ್ದು ಎಂದೂ ಖಾಲಿ ಹೋಗಲಿಲ್ಲ. ಕಳೆದ ಮೊಹರಂಗೆ ಸಿಹಿ ರೊಟ್ಟಿಯಂಥ ಚೊಂಗೆ ತುಂಬಿಕೊಂಡು ಬಂದಾಗ ಹೊಸ ಶೋಕೇಸು ಆಗಷ್ಟೇ ತಯಾರಾಗಿತ್ತು. ಮಾದೇವಿ ಚೊಂಗೆ ತಿಂದು, ಡಬ್ಬಿ ಒರೆಸಿ, ನಡುವಿನ ಅಂಕಣದಲ್ಲಿ ಇಟ್ಟಳು. ಅಲ್ಲಿ ಅದು ಎಷ್ಟು ಚೆಂದ ಕಂಡಿತೆಂದರೆ ತೆಗೆಯಲು ಮನಸ್ಸೇ ಬರಲಿಲ್ಲ. ದೀಪಾವಳಿಯ ಕರ್ಚಿಕಾಯಿ ತಾಟಿನಲ್ಲಿ ಹೋದವು, ಸಂಕ್ರಾಂತಿಯ ಸಜ್ಜೆ ರೊಟ್ಟಿ ಬುಟ್ಟಿಯಲ್ಲಿ ಹೋದವು. ತಿನ್ನುವ ಪದಾರ್ಥ ಮುಟ್ಟಿದರೆ ಆಯಿತಲ್ಲ, ಯಾವುದರಲ್ಲಿ ಮುಟ್ಟಿದರೇನು ಎಂದುಕೊಂಡಿದ್ದಳು.

ಸವಿತಾ ಈ ಶೋಕೇಸನ್ನು ಮೊಬೈಲಿನಲ್ಲಿ ಹಿಡಿದು ಎಲ್ಲರಿಗೂ ಕಾಣುವಂತೆ ಹಾಕಿದ್ದಳು. ಅದನ್ನು ನೋಡಿ ಬಾದಾಮಿಯಿಂದ ಒಬ್ಬ ಫೋನು ಮಾಡಿದ್ದ. ನಿಂಗರಾಜ ಎಂದು ಹೆಸರು, ಅಲ್ಲೊಂದು ಹೋಟೆಲಿನ ಮಾಲೀಕ. ಗುಹೆ ನೋಡಲು ಬರುವವರಿಗಾಗಿ ಹೋಟೆಲಿನ ಹಜಾರದಲ್ಲಿ ಹಳೆಯ ಕಾಲದ ಸಾಮಾನು ಜೋಡಿಸುತ್ತಿದ್ದೇನೆ, ಬಂದು ನೋಡಲೇ ಎಂದು ಕೇಳಿದ್ದ. ಖಾಲಿ ಡಬ್ಬಿ ಬಂದ ಆ ದಿನವೇ, ಮಾದೇವಿಯ ಸಿಟ್ಟು ಇನ್ನೂ ಬಿಸಿ ಇರುವಾಗಲೇ, ಅವನ ಕಾರು ಓಣಿಗೆ ಬಂತು.

ಒಳ್ಳೆಯ ಮಾತಿನವನು. ಒಂದೊಂದು ಗಲ್ಲಾವನ್ನೂ ನೋಡಿ ಹುಬ್ಬೇರಿಸಿದ, ಲಾರಿಯ ಚಕ್ರ ತಿರುಗಿಸಿ ಹುಡುಗನಂತೆ ನಕ್ಕ. ಛತ್ರಿಬಾಯಿ ಡಬ್ಬಿಯ ಮುಂದೆ ಬಂದಾಗ ಮಾತ್ರ ನಗು ಬಿಟ್ಟು ಬಗ್ಗಿ ನೋಡಿದ. ಇದೊಂದನ್ನು ನನ್ನ ಹಜಾರದಲ್ಲಿ ಇಡಲು ಕೊಡಿ, ಕೆಳಗೆ ನಿಮ್ಮ ಹೆಸರಿನ ಹಲಗೆ ಹಾಕಿಸುತ್ತೇನೆ ಎಂದ. ಮಾದೇವಿಗೆ ಬೆಳಗಿನಿಂದ ಮೊದಲ ಬಾರಿ ಉಸಿರು ಸಲೀಸಾಯಿತು. ತನ್ನ ಹುಚ್ಚಿಗೆ ಬೆಲೆ ಕೊಡುವವನೊಬ್ಬ ಭೂಮಿಯ ಮೇಲಿದ್ದಾನೆ.

ಈ ಡಬ್ಬಿ ಎಲ್ಲಿಂದ ಬಂತು, ಯಾರದು ಎಂದು ಅವನು ಕೇಳಿದ. ಮಾವ ಕಂಬಳಿ ಮಾರಲು ಸೊಲ್ಲಾಪುರಕ್ಕೆ ಹೋದಾಗ ತಂದದ್ದು, ನಮ್ಮ ಮನೆಯದು ಎಂದು ಮಾದೇವಿ ಹೇಳಿದಳು.

“ಸುಳ್ಳು.”

ಕಾರು ನೋಡಲು ನೆರೆದವರ ನಡುವಿನಿಂದ ಶಮಶಾದಬಿ ಹೊಸ್ತಿಲಿನ ತನಕ ಬಂದು ನಿಂತಿದ್ದಳು. ಮಾದೇವಿಗಿಂತ ನಾಲ್ಕು ವರ್ಷ ದೊಡ್ಡವಳು, ಮೆತ್ತಗೆ ಮಾತಾಡುವ ಹೆಂಗಸು. ಈಗಲೂ ದನಿ ಏರಿಸಲಿಲ್ಲ. “ಅದು ಇಳಕಲ್ಲದಾಗಿನ ನಮ್ಮ ತವರಮನಿ ಡಬ್ಬಿ. ನನ್ನ ಮದುವ್ಯಾಗ ನಮ್ಮವ್ವ ಕೊಟ್ಟಿದ್ದು.”

ಮಾದೇವಿಯ ಪಿತ್ತ ನೆತ್ತಿಗೇರಿತು. ಖಾಲಿ ಡಬ್ಬಿಯ ಅರ್ಥ ಈಗ ತಿಳಿಯಿತು ಎಂದುಕೊಂಡಳು. ಶೋಕೇಸಿನ ಮೇಲೆ ಹೊಟ್ಟೆಕಿಚ್ಚು, ಅಷ್ಟೇ. ಎಂದೂ ಅಕ್ಕ ಎನ್ನದೆ ಕರೆಯದವಳು ಊರ ಮುಂದೆ ಬರೀ ಹೆಸರು ಹಿಡಿದು ಕರೆದಳು. “ಶಮಶಾದಬಿ, ಇಷ್ಟ ವರ್ಷ ನನ್ನ ಡಬ್ಬಿ ಮ್ಯಾಲೆ ಕಣ್ಣಿಟ್ಟಿದ್ದಿ ಅನ್ನೂದು ನಂಗ ಗೊತ್ತಿರಲಿಲ್ಲ ನೋಡು.”

ಅಲ್ಲಿಂದ ಮುಂದೆ ಇಬ್ಬರೂ ಹಿಂದುಮುಂದು ನೋಡಲಿಲ್ಲ. ಸೊಲ್ಲಾಪುರ, ಇಳಕಲ್ಲು, ಸತ್ತ ಮಾವ, ಸತ್ತ ಅವ್ವ, ಎಲ್ಲರೂ ಹೊಸ್ತಿಲಿಗೆ ಬಂದರು. ನಡುವೆ ಸಿಕ್ಕ ನಿಂಗರಾಜ, ಹಲಗೆಯ ಮೇಲೆ ಇಬ್ಬರ ಹೆಸರನ್ನೂ ಬರೆಸೋಣ ಎಂದು ಪಂಚಾಯ್ತಿ ಮಾಡಲು ಹೋದ. ಇಬ್ಬರೂ ಒಟ್ಟಿಗೆ ಅವನ ಕಡೆ ತಿರುಗಿದರು. ನಮ್ಮ ಡಬ್ಬಿ ನಿನ್ನ ಹೋಟೆಲಿಗೆ ಯಾಕೆ ಎಂದು ಒಬ್ಬಳು, ಕೇಳಲು ನೀನು ಯಾರು ಎಂದು ಇನ್ನೊಬ್ಬಳು. ಆ ಒಂದು ಗಳಿಗೆ ಮಾತ್ರ ಇಬ್ಬರೂ ಒಂದೇ ಪಕ್ಷವಾಗಿದ್ದರು. ಅವನು ಕಾರು ಹತ್ತಿ ಹೋದ ಮೇಲೆ ಮತ್ತೆ ಬೇರೆಯಾಗಿ, ತಂತಮ್ಮ ಬಾಗಿಲು ಹಾಕಿಕೊಂಡರು.

ಆಮೇಲೆ ಮಾತು ಬಂದ್. ನಡುವಿನ ಗೋಡೆ ಎದೆಮಟ್ಟದ್ದು. ಬಟ್ಟೆ ಹರವುವಾಗ ಒಬ್ಬಳ ತಲೆ ಕಂಡರೆ ಇನ್ನೊಬ್ಬಳು ಬೆನ್ನು ತಿರುಗಿಸುವಳು. ಹುಸೇನಪೀರ ಚಹಾಕ್ಕೆ ಬರುವುದನ್ನು ಬಿಟ್ಟ. ಆ ಕಡೆ ಕೂಸು ಅತ್ತರೆ ಮಾದೇವಿಯ ಕೈಯಲ್ಲಿದ್ದ ಕೆಲಸ ನಿಲ್ಲುತ್ತಿತ್ತು. ಹೊಟ್ಟೆನೋವೋ, ಹಸಿವೋ, ದೃಷ್ಟಿಯೋ ಎಂದು ಅಳು ಕೇಳಿಯೇ ಹೇಳಬಲ್ಲವಳು ಅವಳು. ಅರ್ಜುವಿನ ಬಾಣಂತನ ಮುಗಿಯಲು ಬಂದಿತ್ತು. ಇನ್ನು ಕೆಲವೇ ದಿನಕ್ಕೆ ಗಂಡನ ಮನೆಯವರು ಹುನಗುಂದದಿಂದ ಬಂದು ಕರೆದುಕೊಂಡು ಹೋಗುತ್ತಾರೆ. ಕೂಸನ್ನು ಇನ್ನೊಮ್ಮೆ ಎತ್ತಿಕೊಳ್ಳದೆ ಹಾಗೇ ಕಳಿಸುವುದೇ ಎಂದು ಯೋಚನೆ ಬಂದರೆ ಸಿಟ್ಟು ಇಮ್ಮಡಿಯಾಗುತ್ತಿತ್ತು. ಹೋಗಿ ಎತ್ತಿಕೊಳ್ಳೋಣವೆಂದರೆ ಆ ಖಾಲಿ ಡಬ್ಬಿ ಕಣ್ಣೆದುರು ಬರುತ್ತಿತ್ತು.

ಆಚೆ ಓಣಿಯ ದಾನಮ್ಮ ಸಂತಾಪ ಹೇಳಲು ಬಂದಳು. ಕಟ್ಟೆಯ ಮೇಲೆ ಕೂತು, ಅವರ ಮಂದಿಯೇ ಹಾಗೆ, ಎಷ್ಟು ಮಾಡಿದರೂ ಅಷ್ಟೇ, ನೀನು ಅವರನ್ನು ಭಾಳ ಹಚ್ಚಿಕೊಂಡಿದ್ದಿ ಎಂದು ಶುರು ಮಾಡಿದಳು. ಮಾದೇವಿ ಕಸಬರಿಗೆ ಕೈಯಲ್ಲಿ ಹಿಡಿದೇ ಎದ್ದು ನಿಂತಳು. “ಆಕಿನ್ನ ಬೈಯಾಕ ನಾ ಅದೀನಿ. ನೀ ಯಾರ? ಇನ್ನೊಮ್ಮಿ ‘ಅವರ ಮಂದಿ’ ಅಂತ ನನ್ನ ಕಟ್ಟಿ ಮ್ಯಾಲ ಕುಂತು ಅಂದ್ರ ಇದು ನಿನ್ನ ಬೆನ್ನ ಮ್ಯಾಲ ಇರತೈತಿ.” ದಾನಮ್ಮ ಸೆರಗು ಜಾಡಿಸಿಕೊಂಡು ಹೋದಳು. ಗೋಡೆಯ ಆ ಕಡೆ ಪಾತ್ರೆ ತಿಕ್ಕುವ ಸಪ್ಪಳ ನಿಂತಿತ್ತು. ಆಮೇಲೆ ಮತ್ತೆ ಶುರುವಾಯಿತು.

ಮರುದಿನ ಮಾದೇವಿಗೆ ತಡೆಯಲಾಗಲಿಲ್ಲ. ಬೇಕಿರುವುದು ಡಬ್ಬಿ ತಾನೇ, ಮುಖದ ಮೇಲೆ ಬಿಸಾಕಿ ಬರುತ್ತೇನೆ, ಉರಿ ಆರಿಹೋಗಲಿ ಎಂದುಕೊಂಡು ಶೋಕೇಸಿನ ಗಾಜು ಸರಿಸಿ ಛತ್ರಿಬಾಯಿಯನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದಳು. ಶಮಶಾದಬಿ ಅಂಗಳದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಮಾದೇವಿ ಡಬ್ಬಿಯನ್ನು ಮೊರದ ಪಕ್ಕ ಕುಕ್ಕಿದಳು, ಅಕ್ಕಿ ಚೆಲ್ಲಿತು.

“ತಗೋ. ನಿಮ್ಮವ್ವ ಕೊಟ್ಟ ಡಬ್ಬಿ, ನೀನ ಇಟ್ಟುಕೋ.”

ಶಮಶಾದಬಿ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಬೆರಳ ತುದಿಯಿಂದ ಮುಚ್ಚಳ ಎತ್ತಿ ನೋಡಿ ಬಿಟ್ಟಳು.

“ಖಾಲಿ ತಂದಿ.”

“ಖಾಲಿ ಕಳಿಸೂದು ನಿನ್ನ ಕಡಿಂದನ ಕಲತೇನಿ.”

ಶಮಶಾದಬಿಯ ಮುಖ ಕೆಂಪಾಯಿತು. ಹೊಸ್ತಿಲಿನ ಜಗಳದಲ್ಲೂ ಮಾದೇವಿ ಅವಳನ್ನು ಇಷ್ಟು ಸಿಟ್ಟಿನಲ್ಲಿ ಕಂಡಿರಲಿಲ್ಲ.

“ಡಬ್ಬಿ ನಂದಂತ ನಾ ಎಂದರ ಕೇಳೇನೇನು? ಆ ಕಾರಿನಾಂವನ ಮುಂದ ನಮ್ಮನಿದು ಅಂದಿ, ನಂಗೂ ಸಿಟ್ಟು ಬಂತು, ನಂದು ಅಂದೆ. ಇಳಕಲ್ಲಿಂದೋ ಸೊಲ್ಲಾಪುರದ್ದೋ ಯಾರಿಗಿ ಗೊತ್ತೈತಿ? ಮೊಹರಂದಾಗ ಚೊಂಗೆ ತುಂಬಿ ಕಳಿಸಿದ್ದೆ. ಪಾಳಿ ನಿಂದಿತ್ತು.”

ಮಾದೇವಿ ಬಗ್ಗಿ, ಚೆಲ್ಲಿದ ಅಕ್ಕಿಯನ್ನು ಬಳಿದು ಮೊರಕ್ಕೆ ಹಾಕತೊಡಗಿದಳು.

“ದೀಪಾವಳಿಗಿ ತಾಟ ಬಂತು, ಸುಮ್ನಾದೆ. ಸಂಕ್ರಾಂತಿಗಿ ಬುಟ್ಟಿ ಬಂತು, ಸುಮ್ನಾದೆ. ಅರ್ಜು ಹುಟ್ಟಿದಾಗ ಇದ್ರಾಗ ಅಂಟಿನುಂಡಿ ತಂದಾಕಿ ನೀ. ಅದ ಅರ್ಜು ಹಡದ್ರ ಸ್ಟೀಲಿನ ಡಬ್ಬ್ಯಾಗ ತಂದಿ. ಸ್ಟೀಲಿನ ಡಬ್ಬಿ ಹೊರಗಿನವ್ರಿಗಿ ಕೊಡೂದು, ಮಾದೇವಿ. ಹೊರಗಿನಾಕಿ ಹ್ಯಾಂಗ ತಿರಗಿ ಕೊಡತಾಳ, ಹಂಗ ಕೊಟ್ಟೇನಿ.”

“ಹಾಳಾಗಬಾರದಂತ ಇಟ್ಟಿದ್ದೆ,” ಎಂದಳು ಮಾದೇವಿ. ಅವಳ ದನಿ ಅವಳಿಗೇ ಸಣ್ಣದಾಗಿ ಕೇಳಿಸಿತು.

“ಇಷ್ಟ ವರ್ಷ ಹಾಳಾಗಿತ್ತೇನು?” ಶಮಶಾದಬಿ ಮೊರ ಎತ್ತಿಕೊಂಡು ಎದ್ದಳು. “ತುಂಬಿ ತಾ. ಇಲ್ಲಾಂದ್ರ ತರಬ್ಯಾಡ.” ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಗಿಲಿನ ಹಿಂದೆ ಕೂಸು ಅಳುತ್ತಿತ್ತು. ಹಸಿವಿನ ಅಳು.

ಮಾದೇವಿ ಡಬ್ಬಿ ಹೊತ್ತುಕೊಂಡು ಮನೆಗೆ ಬಂದಳು. ತಪ್ಪು ಎದುರಿನವರದಾಗಿದ್ದರೆ ಸಿಟ್ಟಿಗೆ ಹೋಗಲು ಒಂದು ದಾರಿ ಇರುತ್ತದೆ. ತಪ್ಪು ತನ್ನದೇ ಎಂದು ಗೊತ್ತಾದ ಮೇಲೆ ಅದು ಮನೆಯೊಳಗೇ ಸುತ್ತುತ್ತದೆ. ಮೊದಲು ಕೋಳಿಗೆ ಬಿತ್ತು, ಆಮೇಲೆ ವಿಡಿಯೋ ಮಾಡಿದ ಸವಿತಾಗೆ, ಆಮೇಲೆ ಊಟಕ್ಕೇನಿದೆ ಎಂದು ಕೇಳಿದ ಕನಕಪ್ಪನಿಗೆ. ಶೋಕೇಸಿನ ನಡುವೆ ಡಬ್ಬಿ ಇದ್ದ ಕಡೆ ಧೂಳಿಲ್ಲದ ಚೌಕ ಒಂದು ಉಳಿದಿತ್ತು. ಅದನ್ನು ನೋಡಿದಷ್ಟೂ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಅರ್ಜುವಿಗೆ ಮೊದಲ ಸಲ ಎಣ್ಣೆ ಹಚ್ಚಿ ನೀರು ಹಾಕಿದ ಕೈ ಇದು. ಆ ಹುಡುಗಿಯ ಮಗನಿಗೆ ಹೊರಗಿನವರ ಡಬ್ಬಿ ಕೊಟ್ಟು ಬಂದಿತಲ್ಲ.

ಆದರೂ ತಪ್ಪಾಯಿತು ಎಂದು ಹೇಳಿಕೊಂಡು ಹೋಗುವುದು ಅವಳ ಹಣೆಯಲ್ಲಿ ಬರೆದಿರಲಿಲ್ಲ. ತುಂಬಿ ತಾ ಎಂದಳಲ್ಲ, ತುಂಬುತ್ತೇನೆ ಎಂದುಕೊಂಡಳು. ಬೆಳಿಗ್ಗೆಯಷ್ಟೇ ಗಿರಣಿಯಿಂದ ಬೀಸಿಸಿಕೊಂಡು ಬಂದ ಖಾರದ ಪುಡಿ ಇತ್ತು, ಮೂಗಿಗೆ ಇರಿಯುವಂಥದ್ದು. ಛತ್ರಿಬಾಯಿಯ ಕಂಠದವರೆಗೆ ಅದನ್ನು ಒತ್ತಿ ಒತ್ತಿ ತುಂಬಿದಳು. ಶಮಶಾದಬಿಯ ಕಟ್ಟೆಯ ಮೇಲಿಟ್ಟು, ಚಿಲಕ ಬಡಿದು, ತಿರುಗಿ ನೋಡದೆ ಬಂದಳು.

ಗೋಡೆಯ ಈ ಕಡೆ ನಿಂತು ಕಿವಿಗೊಟ್ಟಳು. ಬಾಗಿಲು ತೆರೆದ ಸಪ್ಪಳ, ಮುಚ್ಚಳ ತೆಗೆದ ಸಪ್ಪಳ. ಸ್ವಲ್ಪ ಹೊತ್ತಿಗೆ ಸೀನು. ಓಣಿಗೆಲ್ಲ ಗುರುತಿದ್ದ ಶಮಶಾದಬಿಯ ಸೀನು, ಒಂದರ ಹಿಂದೆ ಒಂದು, ನಿಲ್ಲುವ ಹೆಸರಿಲ್ಲ. ಒಳಗಿನಿಂದ ಅರ್ಜು ನಗುವುದೂ ಕೇಳಿಸಿತು. ಮಾದೇವಿ ತುಟಿ ಕಚ್ಚಿಕೊಂಡಳು. ನಗು ಬಂತೋ ಅಳು ಬಂತೋ, ಸೆರಗಿನಿಂದ ಕಣ್ಣು ಒರೆಸಿಕೊಂಡು, ಖಾರದ ಘಾಟು ಎಂದು ಸವಿತಾಗೆ ಹೇಳಿದಳು.

ಆ ಸಂಜೆ ನಿಂಗರಾಜ ಮತ್ತೆ ಫೋನು ಮಾಡಿದ. ಸವಿತಾ ಮೊಬೈಲು ತಂದು ಅತ್ತೆಯ ಕಿವಿಗೆ ಹಿಡಿದಳು. ಅವತ್ತಿನ ಮಾತು ಮರೆತುಬಿಡಿ ಅವ್ವಾರ, ಆ ಡಬ್ಬಿ ಒಂದನ್ನು ದೊಡ್ಡ ಮನಸ್ಸು ಮಾಡಿ ಕೊಡಿ ಎಂದ. “ಅದು ಮನ್ಯಾಗಿಲ್ಲ,” ಎಂದಳು ಮಾದೇವಿ. ಎಲ್ಲಿದೆ ಎಂದು ಅವನು ಕೇಳಿದ. ಕೆಲಸಕ್ಕೆ ಹೋಗಿದೆ ಎಂದು ಹೇಳಿ ಕೈ ಆಡಿಸಿದಳು, ಸವಿತಾ ಫೋನು ಇಟ್ಟಳು.

ಬೆಳಿಗ್ಗೆ ಹುಸೇನಪೀರ ಬಂದ. ಈ ಸಲ ಓಡಿಹೋಗಲಿಲ್ಲ. ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ತಾನೂ ಪಕ್ಕದಲ್ಲಿ ಕೂತ. “ನನ್ನ ಏನೂ ಕೇಳಬ್ಯಾಡ ತಂಗಿ. ನಾ ಬರೇ ಡ್ರೈವರ,” ಎಂದು ಚಹಾಕ್ಕಾಗಿ ಒಳಗೆ ನೋಡಿದ.

ಮಾದೇವಿ ಮುಚ್ಚಳ ತೆಗೆದಳು. ಉಪ್ಪು. ಹರಳುಪ್ಪು, ಅಂಚಿನ ತನಕ, ಒಂದು ಹರಳಿಗೂ ಇನ್ನು ಜಾಗವಿಲ್ಲದಂತೆ. ಮನೆಯಿಂದ ಮನೆಗೆ ಉಪ್ಪು ಕೊಟ್ಟರೆ ಜಗಳ ಬೀಳುತ್ತದೆಂದು ಯಾರೂ ಕೊಡುವುದಿಲ್ಲ. ಬೀಳಲಿ ಎಂದೇ ಕೊಟ್ಟಿದ್ದಾಳೆ. ಮಾದೇವಿಗೆ ಮತ್ತೆ ಮೈ ಉರಿಯಿತು, ಬಾಯಿಗೆ ಬಂದಂತೆ ಬೈದಳು. ಹುಸೇನಪೀರ ಚಹಾ ಕುಡಿಯುತ್ತ ತಲೆಯಾಡಿಸಿದ, ತನ್ನ ಮನೆಯಲ್ಲೂ ನಿನ್ನೆಯಿಂದ ಇದೇ ನಡೆದಿದೆ ಎಂಬಂತೆ.

ಬೈಯುತ್ತಲೇ ಉಪ್ಪನ್ನು ತನ್ನ ಅಡುಗೆಮನೆಯ ಬರಣಿಗೆ ಸುರಿದುಕೊಂಡಳು. ಬೈಯುತ್ತಲೇ ಡಬ್ಬಿಯನ್ನು ತೊಳೆದು, ಬಿಸಿಲಿಗಿಟ್ಟು, ಖಾರದ ವಾಸನೆ ಹೋಗುವ ತನಕ ಮತ್ತೆ ತೊಳೆದಳು. ಈ ಅಕ್ಕನಿಗೆ ವಯಸ್ಸಾದರೂ ಬುದ್ಧಿ ಬರಲಿಲ್ಲ ಎಂದು ಗೊಣಗುತ್ತ ಅಂಟು ಹುಡುಕಿದಳು, ಬೆಲ್ಲ ಇಳಿಸಿದಳು, ಈಳಿಗೆ ಮಣೆ ಹಾಕಿದಳು. ಅರ್ಜುವನ್ನು ಕರೆದುಕೊಂಡು ಹೋಗಲು ಹುನಗುಂದದವರು ನಾಳೆ ಬರುವವರಿದ್ದರು.

ಒಣಗಿದ ಡಬ್ಬಿಯನ್ನು ಸವಿತಾ ಎತ್ತಿಕೊಂಡು ಶೋಕೇಸಿನ ಗಾಜು ಸರಿಸಿ ನಿಂತಳು. ನಡುವಿನ ಚೌಕದ ಮೇಲೂ ಈಗ ತೆಳ್ಳಗೆ ಧೂಳು ಕೂತಿತ್ತು.

“ಅತ್ತೀ, ಇಲ್ಲೇ ಇಡ್ಲ್ಯಾ?”

“ಇಡಬ್ಯಾಡ, ಇಲ್ಲಿ ತಾ,” ಎಂದು ಗದರಿದಳು ಮಾದೇವಿ. “ಪಾಳಿ ನಂದೈತಿ.”

ಸವಿತಾ ತಂದಿಟ್ಟಳು. ಮಾದೇವಿ ಬೊಬ್ಬೆ ಮಾಗದ ಕೈಯಲ್ಲೇ ಕೊಬ್ಬರಿ ತುರಿಯಲು ಕುಳಿತಳು.